ಬಿಸಿಯೋ ತಂಗಳೋ

ಭಾಗಮ್ಮ ಸಿನಿಮಾದಲ್ಲಿ ಪಾರ್ಟು ಮಾಡಿದವಳಲ್ಲ. ಮಾಡುತ್ತೇನೆಂದು ಕೇಳಿದವಳೂ ಅಲ್ಲ. ಮೂವತ್ತೈದು ವರ್ಷದಿಂದ ಬಸವಕಲ್ಯಾಣದ ಹಳೇ ಓಣಿಯೊಂದರಲ್ಲಿ ರೊಟ್ಟಿ ಬಡಿಯುತ್ತ, ಗಂಡ ಮಹಾರುದ್ರಪ್ಪನ ಕಿರಾಣಿ ಅಂಗಡಿ ನಡೆಯುವಷ್ಟೇ ತಪ್ಪದೆ ತನ್ನ ಒಲೆ ನಡೆಸುತ್ತ ಬಂದ ಹೆಂಗಸು. ಆದರೂ ಆ ವರ್ಷದ ಡಿಸೆಂಬರಿನಲ್ಲಿ ಊರ ಮಂದಿ ಅವಳನ್ನು ಬೀದಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು. ಉತ್ತರ ಅವಳಿಗೇ ಗೊತ್ತಿರಲಿಲ್ಲ.

ಆದದ್ದು ಹೀಗೆ. ಕೊನೆಯ ಮಗಳು ಸ್ನೇಹಲ್ ಬಿ.ಎಡ್. ಓದುತ್ತಿದ್ದಳು. ಅವಳ ಗೆಳತಿಯ ಅಣ್ಣ ಸಂಘರತ್ನ ಹುಮನಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಹತ್ತು ವರ್ಷ ಮಂದಿಯ ಮದುವೆಗಳ ವಿಡಿಯೋ ತೆಗೆದು ತೆಗೆದು ಬೇಸತ್ತು, ಈಗ ತಾನೇ ಒಂದು ಸಿನಿಮಾ ಮಾಡಲು ಹೊರಟಿದ್ದ. ಹೆಸರು 'ಹುಮನಾಬಾದಿನ ಹಿಮ'. ದವಾಖಾನೆಯ ಒಬ್ಬ ಕ್ರಿಶ್ಚಿಯನ್ ನರ್ಸು; ಕಲ್ಯಾಣದ ಒಬ್ಬ ಮೊಬೈಲ್ ರಿಪೇರಿ ಹುಡುಗ. ಕ್ರಿಸ್ಮಸ್ಸಿಗೆ ಗ್ರೀಟಿಂಗ್ ಕಾರ್ಡಿನಲ್ಲಿರುವಂಥ ಹಿಮ ನೋಡಬೇಕೆಂದು ಅವಳ ಆಸೆ. ಹುಡುಗ ಹೇಗೋ ಮಾಡಿ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಮುಂದೆ ಹಿಮ ಸುರಿಸುತ್ತಾನೆ. ಇಷ್ಟೇ ಕಥೆ. ಹಿಮಕ್ಕೆ ಯುನೂಸ್‌ನ ಗಾದಿ ಅಂಗಡಿಯ ಹತ್ತಿ. ಹೀರೋ ಅಂಬರೀಷ ನಿಜಕ್ಕೂ ಮೊಬೈಲ್ ರಿಪೇರಿಯವನೇ. ಸಂಬಳ ಕೇಳದೆ ಬಂದಿದ್ದ. ಇನ್ನು ಹೀರೋನ ಮನೆ ಅಂತ ತೋರಿಸಲು ಒಂದು ಹಳೇ ಮನೆ ಬೇಕಿತ್ತು.

"ಸಿನಿಮಾ ಗಿನಿಮಾ ನಮ್ಮ ಮನ್ಯಾಗ ಬ್ಯಾಡ," ಎಂದ ಮಹಾರುದ್ರಪ್ಪ.

"ನಿಮ್ಮ ಅಂಗಡಿ ಬೋರ್ಡ್ ತೋರಸ್ತೀನ್ರಿ ಕಾಕಾ. ಪೂರಾ ಹೆಸರು ಕಾಣೂ ಹಂಗ," ಎಂದ ಸಂಘರತ್ನ.

"ಎಷ್ಟೊತ್ತು ತೋರಸ್ತಿ?"

"ಐದು ಸೆಕೆಂಡ್ರಿ."

"ಹತ್ತು ಮಾಡು."

ಹೀಗೆ ಸೆಪ್ಟೆಂಬರ್ ತಿಂಗಳ ಧಗೆಯಲ್ಲಿ ಮೂರು ದಿನ ಅವರ ಮನೆಯಲ್ಲಿ ಡಿಸೆಂಬರ್ ಆಯಿತು. ಅಂಬರೀಷ ಉಲ್ಲನ್ ಸ್ವೆಟರ್ ಹಾಕಿಕೊಂಡು ಬೆವರುತ್ತ ಅಂಗಳದಲ್ಲಿ ನಿಂತು ನಡುಗಿದ. ಭಾಗಮ್ಮನಿಗೆ ಅದೆಲ್ಲ ಕಂಡದ್ದು ಕಡಿಮೆ. ಬಂದ ಹದಿನೈದು ಮಂದಿಗೆ ಊಟ ಹಾಕುವುದರಲ್ಲೇ ಅವಳ ಮೂರು ದಿನ ಹೋದವು. ಅವಳ ಜೊತೆ ಒಲೆಯ ಮುಂದೆ ಕೂತವಳು ಸೊಸೆ ವಿದ್ಯಾವತಿ. ಮಗ ಗುರುನಾಥನ ಹೆಂಡತಿ, ಹುಮನಾಬಾದಿನ ಹುಡುಗಿ, ಮದುವೆಗೆ ಮೊದಲು ಅಲ್ಲಿ ಒಂದು ಶಾಲೆಯಲ್ಲಿ ಕಲಿಸುತ್ತಿದ್ದವಳು. ಬಂದು ನಾಲ್ಕು ವರ್ಷವಾಗಿತ್ತು. ಶೂಟಿಂಗ್ ಮುಗಿದ ದಿನ ಸಂಘರತ್ನ ಎಲ್ಲರ ಕಾಲಿಗೂ ಬಿದ್ದು ಹೋದ. ಮನೆಯವರು ಅವನನ್ನೂ ಅವನ ಸಿನಿಮಾವನ್ನೂ ಮರೆತರು.

ದೀಪಾವಳಿ ಮುಗಿದ ವಾರ ಅಡಿಗೆಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

"ನಮ್ಮ ಹಳೀ ಸಾಲ್ಯಾಗ ಒಬ್ರು ಟೀಚರ್ ಹೆರಿಗಿ ರಜಾಕ್ಕ ಹೊಂಟಾರ್ರಿ ಅತ್ತಿ," ವಿದ್ಯಾವತಿ ಹಿಟ್ಟು ನಾದುತ್ತ ಶುರು ಮಾಡಿದಳು. "ಏಪ್ರಿಲ್ ತನ ನಂಗ ಬಾ ಅಂದಾರ. ಮುಂಜಾನಿ ಎಂಟರ ಬಸ್ಸಿಗಿ ಹೋಗಿ ಸಂಜಿಗಿ ಬರ್ತೀನ್ರಿ."

"ಎಂಟಕ್ಕ ಹೋದ್ರ ರೊಟ್ಟಿ ಯಾರು ಬಡೀಬೇಕು?"

"ಐದಕ್ಕೆದ್ದು ಬಡದಿಟ್ಟು ಹೋಗ್ತೀನ್ರಿ."

"ಐದಕ್ಕ ಬಡದದ್ದು ನಿಮ್ಮ ಮಾವ ಒಂದು ಗಂಟಿಗಿ ತಿಂತಾರೇನು? ಅವರಿಗಿ ಹಂಚಿನ ಮ್ಯಾಲಿಂದ ತಾಟಿಗೇ ಬರಬೇಕು. ನಿನಗ ಗೊತ್ತಿಲ್ಲೇನು?"

"ಮದುವಿ ಮಾತಾಡಾಗ ನೌಕರಿ ಮಾಡ್ಲಿ ಅಂದಿದ್ರಲ್ರಿ."

"ನೋಡೂಣ ಅಂದಿದ್ರು."

ವಿದ್ಯಾವತಿ ಕೈಯ ಹಿಟ್ಟು ಕೊಡವಿದಳು. "ನಿಮ್ಮ ಮನೀಗಿ ಸೊಸಿ ಬೇಕಾಗಿಲ್ರಿ ಅತ್ತಿ. ಹಂಚು ಬೇಕಾಗೇದ."

"ಹಂಗಾದ್ರ ಹಂಚು ಇಲ್ಲೇ ಇಟ್ಟು ಹೋಗು!"

ಭಾಗಮ್ಮ ಸಿಟ್ಟಿನಲ್ಲಿ ಅಂದದ್ದು. ಮರುದಿನ ಮುಂಜಾನೆ ವಿದ್ಯಾವತಿ ನಿಜಕ್ಕೂ ಹೋದಳು. ಗುರುನಾಥ ಬೈಕಿನ ಮೇಲೆ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ತವರಿನಲ್ಲಿದ್ದುಕೊಂಡು ಶಾಲೆಗೆ ಹೋಗತೊಡಗಿದ್ದಾಳೆಂಬ ಸುದ್ದಿ ನಾಲ್ಕು ದಿನಕ್ಕೆ ಬಂತು. "ಬರ್ತಾಳ ಬಿಡು," ಎಂದು ಮಹಾರುದ್ರಪ್ಪ ತಾಟಿನ ಮುಂದೆ ಕೂತ. ರೊಟ್ಟಿ ಬಿಸಿಯಾಗಿಯೇ ಬಂತು. ಭಾಗಮ್ಮನ ತೋಳು ಮಾತ್ರ ಸಂಜೆಯಾದರೆ ಮೇಲೇಳುತ್ತಿರಲಿಲ್ಲ.

ಡಿಸೆಂಬರ್ ಎರಡನೇ ವಾರ ಸಂಘರತ್ನ ಸಿನಿಮಾವನ್ನು ಯೂಟ್ಯೂಬಿಗೆ ಹಾಕಿದ. ಅದೇ ದಿನ ಸಂಜೆ ಸ್ನೇಹಲ್ ಅದನ್ನು ಮನೆಯ ಟಿವಿಗೆ ಹಚ್ಚಿದಳು. ಎಲ್ಲರೂ ತಾಟು ಹಿಡಿದು ಕೂತರು. ಅಂಗಡಿಯ ಬೋರ್ಡು ಬಂತು, ಹೋಯಿತು.

"ಹತ್ತು ಆಗ್ಲಿಲ್ಲ," ಎಂದ ಮಹಾರುದ್ರಪ್ಪ. "ಏಳು."

ಹನ್ನೆರಡನೇ ನಿಮಿಷದಲ್ಲಿ ಭಾಗಮ್ಮ ತನ್ನ ಅಡಿಗೆಮನೆಯನ್ನು ಕಂಡಳು. ಗೋಡೆಯ ಮೇಲೆ ಮಸಿ, ಮೂಲೆಯಲ್ಲಿ ನೀರಿನ ಹಂಡೆ, ಒಲೆಯ ಮುಂದೆ ತನ್ನದೇ ಬೆನ್ನು. ಗೋಡೆಗೆ ಒರಗಿ ವಿದ್ಯಾವತಿ ಉಣ್ಣಲು ಕೂತಿದ್ದಳು. ಮುಂದೆ ತಾಟು, ತಾಟಿನಲ್ಲಿ ಪುಂಡಿಪಲ್ಯ, ಒಂದು ರೊಟ್ಟಿ. ಹಿಂದಿನಿಂದ ಅಂಬರೀಷನ ದನಿ ಹೇಳುತ್ತಿತ್ತು: "ನಮ್ಮ ಮನ್ಯಾಗ ಪ್ರೀತಿ ಬಾಯಿಲೆ ಹೇಳಂಗಿಲ್ಲ." ಪರದೆಯ ಮೇಲಿನ ಭಾಗಮ್ಮ ಎದ್ದಳು, ಸೊಸೆಯ ತಾಟಿನಿಂದ ರೊಟ್ಟಿ ಎತ್ತಿಕೊಂಡಳು, ಕೈಯಲ್ಲಿದ್ದ ಇನ್ನೊಂದು ರೊಟ್ಟಿಯನ್ನು ಅಲ್ಲಿ ಹಾಕಿದಳು, ಹೋದಳು. ವಿದ್ಯಾವತಿ ಒಮ್ಮೆ ಮುಖ ಎತ್ತಿ ಬಾಗಿಲ ಕಡೆ ನೋಡಿದಳು. ಅಷ್ಟೇ. ಮತ್ತೆ ನರ್ಸು ಬಂದಳು, ಹಾಡು ಬಂತು.

"ಇದನ್ನ ಯಾವಾಗ ತಗದ್ರು?" ಭಾಗಮ್ಮನ ತುತ್ತು ಕೈಯಲ್ಲೇ ಉಳಿಯಿತು.

"ಹೀರೋನ ತಾಯಿ ಪಾರ್ಟಿಗಿ ಬೀದರದಿಂದ ಬರೂ ನಾಟಕದಾಕಿ ಬರ್ಲಿಲ್ಲಲ್ಲ," ಎಂದಳು ಸ್ನೇಹಲ್. "ನಿನ್ನೇ ತಾಯಿ ಮಾಡ್ಯಾನ ನೋಡು."

ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಹತ್ತಿ ಸುರಿಯಿತು. ಗುರುನಾಥ ನಕ್ಕ. ಹೆಂಡತಿ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಮರುದಿನ ಭಾಗಮ್ಮ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಸ್ನೇಹಲ್ ಫೋನು ಹಿಡಿದು ಬಂದು ಹತ್ತಿರ ಕೂತಳು.

"ಅವ್ವ, ಮಂದಿ ಏನ್ ಬರದಾರ ಕೇಳು. 'ಇದು ಹಿಮ ಅಲ್ಲ, ಯಾರದೋ ಗಾದಿ ಹರದದ.' 'ಹೀರೋಗ ನೆಗಡಿ ಆಗ್ಯಾದೋ ಪ್ರೀತಿ ಆಗ್ಯಾದೋ ತಿಳೀಲಿಲ್ಲ.'" ಓದುತ್ತ ಓದುತ್ತ ಅವಳ ದನಿ ಇಳಿಯಿತು. "ಒಬ್ಬಾಕಿ ಬರದಾಳ: 'ಹನ್ನೆರಡನೇ ನಿಮಿಷ ನೋಡ್ರಿ. ಅತ್ತಿ ಸೊಸಿ ತಾಟಿನ್ಯಾಗಿಂದ ಬಿಸಿ ರೊಟ್ಟಿ ಕಸ್ಗೊಂಡು ತಂಗಳ ಹಾಕ್ಯಾಳ. ಇದಕ್ಕ ಪ್ರೀತಿ ಅಂತೀರೇನು?'"

ಒನಕೆ ನಿಂತಿತು. "ಯಾರಾಕಿ?"

"ಗೊತ್ತಿಲ್ಲ. ಅದರ ಕೆಳಗ ನಾನೂರು ಮಂದಿ ಜಗಳಾಡಾಕತ್ತಾರ. 'ಇಲ್ಲ, ತಂಗಳ ತಗೊಂಡು ಬಿಸಿ ಹಾಕ್ಯಾಳ, ಕಣ್ಣು ತೊಳ್ಕೊಂಡು ನೋಡು' ಅಂತ ಒಬ್ಬಂವ. 'ಸೊಸಿ ಮಾರಿ ನೋಡ್ರಿ, ಎಲ್ಲಾ ಗೊತ್ತಾಗ್ತದ' ಅಂತ ಇನ್ನೊಬ್ಬಾಕಿ. ಒಬ್ಬಂವ ಬರೇ 'ನಮ್ಮವ್ವನೂ ಹಿಂಗೇ ಮಾಡ್ತಿದ್ಲು' ಅಂತ ಬರದಾನ."

"ಹಿಂಗೇ ಅಂದ್ರ ಹ್ಯಾಂಗ?"

"ಅದನ್ನ ಬರದಿಲ್ಲ."

"ನಾ ಹಾಕಿದ್ದು ನನ್ನ ಕೇಳ್ದೆ ಇವರು ಹ್ಯಾಂಗ ಹೇಳ್ತಾರ?"

"ಹಂಗಾರ ನೀನೇ ಹೇಳು. ಯಾವುದು ಹಾಕಿದ್ದಿ?"

ಭಾಗಮ್ಮ ಒನಕೆ ಗೋಡೆಗೆ ಒರಗಿಸಿದಳು. ಸೆಪ್ಟೆಂಬರಿನ ಆ ದಿನ ಅವಳಿಗೆ ನೆನಪಿದ್ದುದು ಉರಿ, ಹೊಗೆ, ಮೇಲಿಂದ ಮೇಲೆ "ಇನ್ನಾ ಎರಡು ರೊಟ್ಟಿ ಕೊಡ್ರಿ ಅವ್ವಾರೆ" ಎನ್ನುವ ದನಿ. ಒಂದು ರೊಟ್ಟಿ ಎತ್ತಿ ಇನ್ನೊಂದು ಹಾಕಿದ್ದನ್ನು ಯಾರು ನೆನಪಿಡುತ್ತಾರೆ?

ಸ್ನೇಹಲ್ ಆ ಹತ್ತೊಂಬತ್ತು ಸೆಕೆಂಡುಗಳನ್ನು ಮತ್ತೆ ಮತ್ತೆ ಹಚ್ಚಿದಳು. ನಿಲ್ಲಿಸಿದಳು, ದೊಡ್ಡದು ಮಾಡಿದಳು. ಸಂಘರತ್ನ ಚಿತ್ರಕ್ಕೆಲ್ಲ ಒಂದು ಹಳದಿ ಬಣ್ಣ ಬಳಿದಿದ್ದ. ಎರಡೂ ರೊಟ್ಟಿ ಒಂದೇ ಬಣ್ಣ. ಹಬೆ ಇತ್ತೋ ಹೊಗೆ ಇತ್ತೋ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬಂದ ಮಹಾರುದ್ರಪ್ಪನ ಮುಖ ಊದಿತ್ತು. ಅಂಗಡಿಗೆ ಸಕ್ಕರೆ ಒಯ್ಯಲು ಬಂದವನೊಬ್ಬ, "ನಿಮ್ಮ ಮನ್ಯಾಗ ತಂಗಳ ಭಾಳ ನಡೀತದಂತಲ್ರಿ ಸಾವ್ಕಾರ್ರೆ," ಎಂದಿದ್ದನಂತೆ.

"ನಮ್ಮ ಮನ್ಯಾಗ ಯಾರಿಗಿ ತಂಗಳ ಹಾಕೀವಿ? ನಾ ಎಂದೂ ನೋಡಿಲ್ಲ," ಎಂದು ಅವನು ಬಿಸಿ ರೊಟ್ಟಿ ಮುರಿದ.

"ನಾ ದಿನಾ ತಿಂತೀನಲ್ಲ ಅಪ್ಪ," ಎಂದಳು ಸ್ನೇಹಲ್.

"ನೀ ಯಾಕ ತಿಂತಿ?"

"ನಿನ್ನಿ ಉಳದದ್ದು ಯಾರು ತಿನ್ನಬೇಕು? ನಾನು, ಅವ್ವ, ವಿದ್ಯಾ ವಹಿನಿ. ನಿಮಗ ಇಷ್ಟು ವರ್ಷ ಗೊತ್ತಿಲ್ಲೇನು?"

ಮಹಾರುದ್ರಪ್ಪ ಹೆಂಡತಿಯ ಕಡೆ ನೋಡಿದ. ಅವಳು ಹಂಚಿನ ಕಡೆ ನೋಡಿದಳು. ಭಾಗಮ್ಮ ಈ ಮನೆಗೆ ಬಂದ ಮೊದಲ ದಿನವೇ ಅವಳ ಅತ್ತೆ ರೊಟ್ಟಿಯ ಬುಟ್ಟಿ ತೋರಿಸಿ ಹೇಳಿದ್ದಳು, ನಿನ್ನಿಯದು ಮೊದಲು ಖಾಲಿ ಆಗಬೇಕು, ಗಂಡಸರ ತಾಟಿಗೆ ಮಾತ್ರ ಅದು ಹೋಗಕೂಡದು ಎಂದು. ಭಾಗಮ್ಮ ಅದನ್ನು ಕಷ್ಟವೆಂದು ತಿಳಿದಿರಲಿಲ್ಲ. ಸೊಸೆಗೂ ಹಾಗೇ ತೋರಿಸಿದ್ದಳು. ಮನೆ ಎಂದರೆ ಹಾಗೆ ಎಂದುಕೊಂಡಿದ್ದಳು. ಈಗ ಅದನ್ನು ಮೊಬೈಲಿನಲ್ಲಿ ಕಂಡವರು ಅನ್ಯಾಯ ಎನ್ನುತ್ತಿದ್ದರು. ಇನ್ನು ಕೆಲವರು ಅದನ್ನೇ ನೋಡಿ, ನಮ್ಮ ಅತ್ತೆ ಹೀಗಿದ್ದರೆ ಎಂದು ಕಣ್ಣೀರು ಹಾಕುತ್ತಿದ್ದರು. ಒಂದೇ ಕೈ, ಒಂದೇ ರೊಟ್ಟಿ.

ಗೋಡೆಯಾಚೆಯ ಸರ್ದಾರಬಿ ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತಳು.

"ಭಾಗಮ್ಮ, ನಾ ಬಿಸಿ ಅಂತ ಹೇಳೀನಿ. ನನ್ನ ಸೊಸಿ ತಂಗಳ ಅಂತಾಳ. ಎರಡು ದಿನ ಆತು, ನಮ್ಮ ಮನ್ಯಾಗ ಮಾತು ಬಂದ್."

"ನೀ ಯಾಕ ಬಿಸಿ ಅಂದಿ?"

ಸರ್ದಾರಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ತಂಗಳ ಅಂದ್ರ ಮಾತು ನನ್ನ ಕಡೀನೇ ಬರ್ತದಲ್ಲವಾ."

ಅಷ್ಟರಲ್ಲಿ ಎಳ್ಳಮಾಸಿ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವ ಹಬ್ಬ. ಮೋರಖಂಡಿಯ ಹೊಲಕ್ಕೆ ಪ್ರತಿ ವರ್ಷ ಅತ್ತೆ ಸೊಸೆ ಕೂಡಿಯೇ ಎಲ್ಲ ಕಾಯಿಪಲ್ಯ ಹಾಕಿ ಬೇಯಿಸಿದ ಭಜ್ಜಿ ಮಾಡಿ ಒಯ್ಯುತ್ತಿದ್ದರು. ಈ ಸಲ ಭಾಗಮ್ಮ ಒಬ್ಬಳೇ ಕಾಯಿಪಲ್ಯ ಹೆಚ್ಚಿದಳು, ಒಬ್ಬಳೇ ಸಜ್ಜೆಯ ಕಡಬು ಬೇಯಿಸಿದಳು. ಹುಲಸೂರಿನಿಂದ ಬಂದ ನಾದಿನಿ ಬೇವಿನ ನೆರಳಲ್ಲಿ ಉಣ್ಣುತ್ತ, "ಸೊಸಿ ತಂಗಳಿಗಿ ಅಂಜಿ ಓಡಿಹೋಗ್ಯಾಳಂತ, ನಮ್ಮೂರಾಗೂ ಅಂತಾರ," ಎಂದಳು. ನಗುತ್ತಲೇ ಅಂದಳು. ಮಹಾರುದ್ರಪ್ಪ ಕೈತೊಳೆದು ಎದ್ದ.

ಮನೆಗೆ ಬಂದವನೇ ಮಗನ ಮೇಲೆ ಹರಿಹಾಯ್ದ. "ಗುರ್ಯಾ, ವಿದ್ಯಾವತಿಗಿ ಫೋನ್ ಹಚ್ಚು. ಬಿಸಿದೇ ಇತ್ತು ಅಂತ ಅದರ ಕೆಳಗ ಎರಡು ಅಕ್ಷರ ಬರೀ ಅನ್ನು. ಎಲ್ಲಾ ಬಂದ್ ಆಗ್ತದ."

"ನಾ ಅನ್ನಂಗಿಲ್ಲ."

"ಯಾಕ?"

"ಅಕಿ ಏನ್ ಬರೀತಾಳೋ ಅಂತ ನಂಗ ಅಂಜಿಕಿ ಅದ ಅಪ್ಪ."

ಮೂವತ್ತೆರಡು ವರ್ಷದಲ್ಲಿ ಗುರುನಾಥ ಅಪ್ಪನಿಗೆ ಆಡಿದ ಮೊದಲ ಎದುರು ಮಾತು ಅದು. ಆಡಿದ ಮೇಲೆ ತಾನೇ ಗಾಬರಿಯಾಗಿ ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟ.

ಎರಡು ದಿನ ಬಿಟ್ಟು ಸಂಘರತ್ನ ಸಿಹಿ ಡಬ್ಬಿ ಹಿಡಿದು ಬಂದ. ಕ್ರಿಸ್ಮಸ್ ಮುಗಿದು ಬರುವ ಶನಿವಾರ ಮಧ್ಯಾಹ್ನ ಹುಮನಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ದೊಡ್ಡ ಪರದೆಯ ಮೇಲೆ ಸಿನಿಮಾ ತೋರಿಸುವವನಿದ್ದ.

"ಎಲ್ಲಾರೂ ಬರಬೇಕ್ರಿ ಅವ್ವಾರೆ. ಮಂದಿ ನಿಮ್ಮನ್ನೇ ಕೇಳಾಕತ್ತಾರ."

"ಬಿಸಿದು ಹಾಕೀನೋ ತಂಗಳೋ? ತಗದಂವ ನೀನೇ, ಹೇಳಪ್ಪ."

ಅವನು ತಲೆ ತುರಿಸಿಕೊಂಡ. "ಖರೆ ಹೇಳ್ತೀನ್ರಿ, ನಂಗೂ ಗೊತ್ತಿಲ್ಲ. ನಾವು ಉಂಡು ಹೊರಗ ಹೋದಾಗ ಕ್ಯಾಮೆರಾ ಬಾಗಲ್ದಾಗೇ ಇತ್ತು. ಬಂದ್ ಮಾಡೂದು ಮರ್ತಿದ್ದೆ. ಮನೀಗಿ ಹೋಗಿ ನೋಡ್ದೆ, ಇದು ಸಿಕ್ತು. ನೋಡಿ ಕಣ್ಣಾಗ ನೀರು ಬಂತ್ರಿ, ಹಾಕ್ದೆ. ನಾ ಬಿಸಿ ಅಂತೇ ತಿಳ್ಕೊಂಡಿದ್ದೆ. ಈಗ ಇಷ್ಟು ಮಂದಿ ಓದಿ ಓದಿ ನಂಗೇ ಡೌಟ್ ಆಗ್ಯಾದ." ಸಣ್ಣ ದನಿಯಲ್ಲಿ ಅಂದ, "ಎಂಟು ತಿಂಗಳು ಲವ್ ಸ್ಟೋರಿ ಬರದೀನ್ರಿ. ಯಾರೂ ಅದನ್ನ ನೋಡವಲ್ರು. ರೊಟ್ಟಿ ನೋಡಾಕತ್ತಾರ."

ಶನಿವಾರ ಭಾಗಮ್ಮ ಒಬ್ಬಳೇ ಹೊರಟಳು. ಗಂಡ ಬೇಡವೆಂದ. ಮಗ ಬೈಕಿನ ಮೇಲೆ ಬಿಡುತ್ತೇನೆಂದ. ಎರಡಕ್ಕೂ ಒಪ್ಪದೆ ಹನ್ನೆರಡರ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೊಲಗಳಲ್ಲಿ ತೊಗರಿ ಒಣಗಿ ನಿಂತಿತ್ತು. ಹುಮನಾಬಾದ್ ಬರುವಷ್ಟರಲ್ಲಿ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು: ನಾನೂರು ಮಂದಿಯಲ್ಲಿ ಹೆಚ್ಚಿನವರು ತಂಗಳ ಅಂದಿದ್ದಾರೆ, ತನಗೆ ನೆನಪಿಲ್ಲ, ಉಳಿದ ದಿನ ಹಾಕುತ್ತಿದ್ದದ್ದು ತಂಗಳವೇ, ಅಂದ ಮೇಲೆ ಅವತ್ತೂ ಅದೇ ಇರಬೇಕು. ಸೊಸೆಯ ಮುಂದೆ ಅದನ್ನು ಒಪ್ಪಿಕೊಂಡು ಬರಬೇಕು. ಹೇಗೆ ಒಪ್ಪಿಕೊಳ್ಳುವುದು, ಅತ್ತೆಯಾದವಳು ಅದಕ್ಕೆ ಯಾವ ಮಾತು ಆಡುತ್ತಾಳೆ, ಅದೊಂದು ಗೊತ್ತಾಗಲಿಲ್ಲ.

ಹಾಲಿನ ತುಂಬ ಮಂದಿ. ಚರ್ಚಿಗೆ ಹೋಗುವ ಕುಟುಂಬಗಳು ಹಬ್ಬದ ಹೊಸ ಬಟ್ಟೆಯಲ್ಲಿ ಮುಂದೆ ಕೂತಿದ್ದವು. ಕಾಲೇಜು ಹುಡುಗಿಯರು, ಸಂತೆಗೆ ಬಂದವರು, ನಡುವೆ ಯುನೂಸ್ ತನ್ನ ಹತ್ತಿಯ ಪಾತ್ರ ನೋಡಲು ಮನೆಮಂದಿಯನ್ನೆಲ್ಲ ಕರೆತಂದಿದ್ದ. ಭಾಗಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಕೊನೆಯ ಸಾಲಿನಲ್ಲಿ ಕೂತಳು. ನಾಲ್ಕು ಸಾಲು ಮುಂದೆ ಬೀಗಿತಿ ಸರುಬಾಯಿ ಕಂಡಳು. ಪಕ್ಕದಲ್ಲಿ ವಿದ್ಯಾವತಿ, ಶಾಲೆಯಿಂದ ಸೀದಾ ಬಂದಿದ್ದಳೇನೋ, ತೊಡೆಯ ಮೇಲೆ ಪುಸ್ತಕದ ಚೀಲ.

ಮೊದಲ ಹತ್ತು ನಿಮಿಷ ಎಲ್ಲರೂ ನಕ್ಕರು. ಸ್ವೆಟರಿಗೆ ನಕ್ಕರು, ಸೀಟಿ ಹೊಡೆದರು. ಆಮೇಲೆ ಅಡಿಗೆಮನೆ ಬಂತು. ಬಂದದ್ದೇ ತಡ, ಬಲಗಡೆಯಿಂದ ಒಂದು ಗುಂಪು "ಬಿಸಿ! ಬಿಸಿ!" ಎಂದು ಕೂಗಿತು. ಎಡಗಡೆಯಿಂದ "ತಂಗಳ!" ಎಂದು ಇನ್ನೊಂದು ಗುಂಪು. ಕ್ರಿಕೆಟ್ ಮ್ಯಾಚಿನ ಹಾಗೆ. ಕೆಲವರು ಇದಕ್ಕಾಗಿಯೇ ಬಂದಿದ್ದರು. ಅಂಬರೀಷನ ಪ್ರೀತಿಯ ಮಾತು ಯಾರಿಗೂ ಕೇಳಿಸಲಿಲ್ಲ. ಗೋಡೆಯಷ್ಟು ದೊಡ್ಡ ಭಾಗಮ್ಮ ಎದ್ದಳು, ರೊಟ್ಟಿ ಎತ್ತಿದಳು, ರೊಟ್ಟಿ ಹಾಕಿದಳು. ಮುಂದಿನ ಸಾಲಿನ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಅವಳ ಪಕ್ಕದ ಹುಡುಗಿ ಥೂ ಎಂದಳು.

ವಿದ್ಯಾವತಿ ಎದ್ದು ಹೊರಗೆ ಹೋದಳು. ಭಾಗಮ್ಮ ಹಿಂದೆಯೇ ಹೋದಳು.

ಹಾಲಿನ ಪಕ್ಕದಲ್ಲಿ ಕೈತೊಳೆಯುವ ನಳಗಳ ಸಾಲು. ವಿದ್ಯಾವತಿ ಮುಖಕ್ಕೆ ನೀರು ಹಾಕಿಕೊಂಡು ತಿರುಗಿದವಳು ಅತ್ತೆಯನ್ನು ಕಂಡು ಬೆಚ್ಚಿದಳು.

"ಅತ್ತಿ! ಒಬ್ರೇ ಬಂದ್ರೇನು?"

"ಹೂಂ." ಭಾಗಮ್ಮ ನಳದ ಕಟ್ಟೆ ಹಿಡಿದು ನಿಂತಳು. "ವಿದ್ಯಾ, ಅವತ್ತು ನಾ ನಿನ್ನ ತಾಟಿಗಿ ಹಾಕಿದ್ದು..."

"ಬಿಸಿದೇ ಇತ್ರಿ."

ಭಾಗಮ್ಮ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ತೀರ್ಮಾನ ಅಲ್ಲೇ ಬಿದ್ದುಹೋಯಿತು.

"ಬಿಸಿದೇ ಇತ್ತು, ಕೈ ಸುಡೂವಂಥದು," ಎಂದಳು ವಿದ್ಯಾವತಿ. "ನಾ ತಂಗಳ ಮುರ್ಯಾಕ ಹತ್ತಿದ್ದೆ. ನೀವು ಅದನ್ನ ತಗೊಂಡು ಬಿಸಿದು ಹಾಕಿದ್ರಿ. ನಾಕು ವರ್ಷದಾಗ ಒಮ್ಮೆ. ಇದೇನಪ್ಪ ಅಂತ ಮಾರಿ ಎತ್ತಿ ನೋಡ್ದೆ, ಬಾಗಲ್ದಾಗ ಕ್ಯಾಮೆರಾ. ಹಾಂ, ಮಂದಿ ನೋಡ್ಲಿ ಅಂತ ಹಾಕ್ಯಾರ ಅಂತ ತಿಳ್ಕೊಂಡೆ. ಅದು ಗಂಟಲದಾಗ ಇಳೀಲಿಲ್ರಿ. ಎಲ್ಲಾ ತಂಗಳ ಒಂದು ಕಡೀಗಿ, ಆ ಒಂದು ಬಿಸಿ ರೊಟ್ಟಿ ಒಂದು ಕಡೀಗಿ. ಅದಕ್ಕೇ ನಂಗ ಭಾಳ ಸಿಟ್ಟು ಬಂದಿತ್ತು."

"ಕ್ಯಾಮೆರಾ ಚಾಲೂ ಇದ್ದದ್ದು ನಂಗ ಗೊತ್ತೇ ಇದ್ದಿಲ್ಲವಾ. ತಗದಂವಗೂ ಗೊತ್ತಿದ್ದಿಲ್ಲ. ಅಂವನ್ನೇ ಕೇಳು."

ವಿದ್ಯಾವತಿಯ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಹಂಗಾರ ಯಾಕ ಹಾಕಿದ್ರಿ?"

"ನೀ ಮುಂಜಾನಿಂದ ಒಲಿ ಮುಂದ ಇದ್ದಿ. ಅಷ್ಟು ಮಂದಿಗಿ ಬಡದಿದ್ದಿ."

"ದಿನಾನೂ ಇರ್ತಿದ್ದೆನಲ್ರಿ."

"ಹೌದು," ಎಂದಳು ಭಾಗಮ್ಮ. "ದಿನಾನೂ ಇರ್ತಿದ್ದಿ."

ಒಳಗೆ ಹಾಡು ನಡೆದಿತ್ತು. ಅದು ಮುಗಿದು ಇಂಟರ್ವಲ್ ಬಿಟ್ಟಿತು. ಮಂದಿ ಚಹಾಕ್ಕೆಂದು ಹೊರಗೆ ಬಂದರು. ಯಾರೋ ಒಬ್ಬಳು ಹುಡುಗಿ ಚೀರಿದಳು, "ಏ, ಆ ಅಜ್ಜಿ ಇಲ್ಲೇ ಇದ್ದಾರ ನೋಡ್ರೇ! ಸೊಸಿನೂ ಇದ್ದಾಳ!"

ಕ್ಷಣದಲ್ಲಿ ಗುಂಪು ಸೇರಿತು. ನಾಲ್ಕೈದು ಫೋನುಗಳು ಮೇಲೆದ್ದವು. ಸಂಘರತ್ನ ಮಂದಿಯನ್ನು ಸರಿಸುತ್ತ ಓಡಿ ಬಂದ. ಅದೇ ಹುಡುಗಿ ಫೋನನ್ನು ಭಾಗಮ್ಮನ ಮುಖಕ್ಕೆ ಹಿಡಿದಳು.

"ಅಜ್ಜಿ, ನೀವೇ ಹೇಳ್ರಿ. ಬಿಸಿದೋ ತಂಗಳೋ?"

ವಿದ್ಯಾವತಿ ಮುಖ ಎತ್ತಿದಳು. ಹೇಳಲೆಂದು ತುಟಿ ತೆರೆದಳು. ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು, ಮಹಾರುದ್ರಪ್ಪನ ಮನೆಯ ಮಾನ ಅಲ್ಲೇ ಉಳಿಯುತ್ತಿತ್ತು. ಭಾಗಮ್ಮ ಅವಳ ಕೈ ಹಿಡಿದು ತಡೆದಳು.

"ತಂಗಳ," ಎಂದಳು.

ಅರ್ಧ ಮಂದಿ ಹೋ ಎಂದು ಕೂಗಿದರು. ಅರ್ಧ ಮಂದಿ ಅಯ್ಯೋ ಎಂದರು. ಸಂಘರತ್ನ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ. ಕಣ್ಣೊರೆಸಿಕೊಂಡಿದ್ದ ಆ ಮುದುಕಿ ಮಾತ್ರ, "ಸುಳ್ಳ ಹೇಳ್ತಿ ನೀ," ಎಂದು ಭಾಗಮ್ಮನಿಗೇ ಬೈದು ಒಳಗೆ ಹೋದಳು. ಇಂಟರ್ವಲ್ಲಿನ ನಂತರ ಏನಾಯಿತೆಂದು ಭಾಗಮ್ಮ ನೋಡಲಿಲ್ಲ. ನಾಲ್ಕರ ಬಸ್ಸಿಗೆ ಊರಿಗೆ ಬಂದಳು.

ಅವಳಿಗಿಂತ ಮೊದಲೇ ಆ ವಿಡಿಯೋ ಊರಿಗೆ ಬಂದಿತ್ತು. ಮಹಾರುದ್ರಪ್ಪ ಮೂರು ದಿನ ಮಾತು ಬಿಟ್ಟ. ಅವನಿಗೆ ಅರ್ಥವಾಗಲಿಲ್ಲ, ಹೆಂಡತಿ ಹುಮನಾಬಾದಿನ ತನಕ ಹೋಗಿ ತನ್ನ ಹೆಸರು ತಾನೇ ಯಾಕೆ ಕೆಡಿಸಿಕೊಂಡು ಬಂದಿದ್ದಾಳೆ ಎಂದು. ಬೀದಿಯಲ್ಲಿ ಈಗ ಯಾರೂ ಭಾಗಮ್ಮನನ್ನು ಪ್ರಶ್ನೆ ಕೇಳುತ್ತಿರಲಿಲ್ಲ. ಕೆಲವರು ಮುಖ ತಿರುಗಿಸಿದರು. ಕಾಯಿಪಲ್ಯ ಮಾರುವ ಒಬ್ಬ ಹೆಂಗಸು ಮಾತ್ರ ಏನೂ ಹೇಳದೆ ಚೀಲಕ್ಕೆ ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕಿದಳು. ಅದು ಕನಿಕರವೋ ಮೆಚ್ಚಿಗೆಯೋ ಭಾಗಮ್ಮನಿಗೆ ತಿಳಿಯಲಿಲ್ಲ.

ಮಂಗಳವಾರ ವಿದ್ಯಾವತಿಯ ಫೋನು ಬಂತು.

"ಅತ್ತಿ, ಸುಳ್ಳ ಯಾಕ ಹೇಳಿದ್ರಿ?"

"ಬಿಸಿ ಅಂದಿದ್ರ ಆ ಒಂದು ರೊಟ್ಟಿಗಿ ಎಲ್ಲಾರೂ ನಂಗ ಭೇಷ್ ಅಂತಿದ್ರು. ಅದು ನಂಗ ಸೇರಲಿಲ್ಲ."

ಆ ಕಡೆ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು. ವಿದ್ಯಾವತಿ ಅಂದಳು, "ಐತಾರ ಬರ್ತೀನ್ರಿ."

"ಬಾ," ಎಂದಳು ಭಾಗಮ್ಮ. "ಸೋಮವಾರ ಹೋಗೂ ಬಸ್ಸು ಎಂಟಕ್ಕೇ ಅದ ಅಲ್ಲ?"

"ಹೌದ್ರಿ," ಎಂದಳು ವಿದ್ಯಾವತಿ.

ಬುಧವಾರ ಮಧ್ಯಾಹ್ನ ಮಹಾರುದ್ರಪ್ಪನಿಗೆ ತಡೆಯಲಾಗಲಿಲ್ಲ. ಗುರುನಾಥ, ಸ್ನೇಹಲ್ ಇಬ್ಬರೂ ಊಟಕ್ಕೆ ಕೂತಿದ್ದರು. ತುತ್ತು ನುಂಗಿ ಕೇಳಿದ.

"ಖರೇನ ತಂಗಳ ಇತ್ತೇನು?"

"ಬಿಸಿ ಇತ್ತಂತ," ಎಂದಳು ಭಾಗಮ್ಮ.

"ಇತ್ತಂತ? ಯಾರಂದ್ರು?"

"ತಿಂದಾಕಿ."

"ಮತ್ತ ನೀ ಯಾಕ ಮಂದಿ ಮುಂದ... ಏ, ನಂಗೊಂದೂ ತಿಳೀವಲ್ದು ನೋಡು."

"ನಂಗೂ ಪೂರಾ ತಿಳಿದಿಲ್ಲ. ಐತಾರ ಬರ್ತಾಳ. ಅಕಿಗೇ ಕೇಳ್ರಿ."

ಗುರುನಾಥನ ಕೈ ತಾಟಿನ ಮೇಲೆ ನಿಂತಿತು. ಮಹಾರುದ್ರಪ್ಪನ ಮುಖ ಅರಳಿತು. "ಬರ್ತಾಳ? ನಾ ಅಂದಿದ್ದಿಲ್ಲೇನು? ಇನ್ನ ಹೋಗಂಗಿಲ್ಲಲ್ಲ?"

"ಸೋಮವಾರ ಮುಂಜಾನಿ ಎಂಟಕ್ಕ ಹೋಗ್ತಾಳ, ಸಂಜಿಗಿ ಬರ್ತಾಳ. ದಿನಾ. ಏಪ್ರಿಲ್ ಆದ ಮ್ಯಾಲೂ ಸಾಲಿಯವರು ಇಟ್ಕೊಂಡ್ರ ಹಂಗೇ."

"ಮತ್ತ ನಂಗ ರೊಟ್ಟಿ?"

"ಐದಕ್ಕ ಬಡೀತೀವಿ. ಒಂದಕ್ಕ ತಿನ್ರಿ."

ಮಹಾರುದ್ರಪ್ಪ ಮಗನ ಕಡೆ ನೋಡಿದ, ನೀನಾದರೂ ಹೇಳು ಎಂಬಂತೆ. ಗುರುನಾಥ ಕೈ ಚಾಚಿ ಗೋಡೆಯ ಪಕ್ಕದ ಬುಟ್ಟಿಯನ್ನು ಎಳೆದುಕೊಂಡ, ಬಟ್ಟೆ ಸರಿಸಿ ನಿನ್ನೆಯ ರೊಟ್ಟಿ ಒಂದನ್ನು ತಾಟಿಗೆ ಹಾಕಿಕೊಂಡು ಮುರಿದ. ಅಗಿಯಲು ಹೋಗಿ ಮುಖ ಕಿವುಚಿದ.

"ಭಾಳ ಬಿರಸು ಅದ."

"ಬ್ಯಾಳ್ಯಾಗ ನೆನಸ್ಕೋ ಅಣ್ಣಾ," ಎಂದಳು ಸ್ನೇಹಲ್. "ನಾವು ಹಂಗೇ ತಿಂತೀವಿ."